ನಳಿಗೆಯ ತೂಕ, ಸ್ಕೋಪಿನ ಲೆಕ್ಕ: ಬೆಳೆ ರಕ್ಷಣೆಯ ಕೋವಿ ಕೊಳ್ಳುವ ಮುನ್ನ

ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನೆರೆಯುತ್ತದೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಮೊದಲಾದ ಹಳ್ಳಿಗಳ ರೈತರು ಬೆಳೆದ ಕಡಲೆಕಾಯಿಯನ್ನು ಬಸವವೊಂದು ರಾತ್ರಿ ಬಂದು ಮೇಯುತ್ತಿತ್ತೆಂದೂ, ಹೊಡೆಯಲು ಹೋದಾಗ ಅದು ಕಲ್ಲಾಯಿತೆಂದೂ, ಅಂದಿನಿಂದ ಮೊದಲ ಫಸಲನ್ನು ಬಸವಣ್ಣನಿಗೆ ಒಪ್ಪಿಸುವ ಪದ್ಧತಿ ಬಂದಿತೆಂದೂ ಸ್ಥಳಪುರಾಣ ಹೇಳುತ್ತದೆ. ಬೆಳೆಗೆ ನುಗ್ಗುವ ಪ್ರಾಣಿ ಮತ್ತು ಬೆಳೆಗಾರನ ನಡುವಿನ ಜಗಳ ಎಷ್ಟು ಹಳೆಯದು ಎಂಬುದಕ್ಕೆ ಈ ಕಥೆಯೇ ಸಾಕ್ಷಿ.

ಆ ಜಗಳ ಇಂದಿಗೂ ಮುಗಿದಿಲ್ಲ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳಲ್ಲಿ ನೆಲೆಸಿದ ಅನೇಕ ಕುಟುಂಬಗಳಿಗೆ ಚಿಕ್ಕಮಗಳೂರು, ಸಕಲೇಶಪುರ, ತೀರ್ಥಹಳ್ಳಿಗಳ ಕಡೆ ಕಾಫಿ, ಅಡಿಕೆ ತೋಟಗಳಿವೆ; ಗದ್ದೆಗೆ ಕಾಡುಹಂದಿಯ ಕಾಟ ತಪ್ಪಿದ್ದಲ್ಲ. ಇಂತಹ ತೋಟದ ಮಾಲೀಕರು ಕೋವಿಯ ವಿಚಾರಕ್ಕೆ ಕೈಹಾಕಿದಾಗ ಅವರ ಮುಂದೆ ಬರುವುದು ಹೆಚ್ಚಾಗಿ ಅಮೆರಿಕದ ಕ್ಯಾಟಲಾಗು. ಭಾರವಾದ ನಳಿಗೆ, 24 ಪಟ್ಟು ಹಿಗ್ಗಿಸುವ ಸ್ಕೋಪ್, ‘ವಾರ್ಮಿಂಟ್ ರೈಫಲ್’ ಎಂಬ ಹೆಸರು. ಈ ಸರಕು ಯಾವ ಕೆಲಸಕ್ಕಾಗಿ ಹುಟ್ಟಿತು, ನಮ್ಮ ನೆಲಕ್ಕೆ ಅದು ಒಗ್ಗುತ್ತದೆಯೇ ಎಂಬುದನ್ನು ಕೊಳ್ಳುವವರೂ ಮಾರುವವರೂ ಸಮನಾಗಿ ತಿಳಿದಿರಬೇಕು.

ಮೊದಲು ಕಾನೂನು

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 9ನೇ ಕಲಮು ಬೇಟೆಯನ್ನು ನಿಷೇಧಿಸುತ್ತದೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಬೆಳೆಗೆ ಹಾನಿ ಮಾಡುವ ಇಂತಹ ಪ್ರಾಣಿಯನ್ನು ಕೊಲ್ಲಲು 11ನೇ ಕಲಮಿನಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿಯ ಲಿಖಿತ ಆದೇಶ ಬೇಕು. ಕೇಂದ್ರ ಸರ್ಕಾರವು 62ನೇ ಕಲಮಿನಡಿ ಒಂದು ಪ್ರಾಣಿಯನ್ನು ಸೀಮಿತ ಪ್ರದೇಶಕ್ಕೆ, ಸೀಮಿತ ಅವಧಿಗೆ ‘ಉಪದ್ರವಕಾರಿ’ ಎಂದು ಘೋಷಿಸಬಹುದು. 2015-16ರಲ್ಲಿ ಬಿಹಾರ, ಉತ್ತರಾಖಂಡಗಳಲ್ಲಿ ಕಾಡುಹಂದಿಯ ವಿಷಯದಲ್ಲಿ ಹೀಗೆ ಆಗಿತ್ತು. ಕೇರಳವು 2022ರಲ್ಲಿ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಅನುಮತಿ ನೀಡುವ ಅಧಿಕಾರ ಕೊಟ್ಟಿತು. ಆದ್ದರಿಂದ ಕೋವಿಯ ಪರವಾನಗಿ ಕೈಯಲ್ಲಿದ್ದ ಮಾತ್ರಕ್ಕೆ ಹಂದಿಗೆ ಈಡು ಹೊಡೆಯುವ ಹಕ್ಕು ಬಂದಂತಲ್ಲ; ಇವೆರಡೂ ಬೇರೆ ಬೇರೆ ಕಾಗದಗಳು.

ಕೋವಿಯ ಪರವಾನಗಿಯನ್ನು ಬೆಂಗಳೂರು ನಗರದಲ್ಲಿ ಪೊಲೀಸ್ ಆಯುಕ್ತರು, ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಗಳು ನೀಡುತ್ತಾರೆ. 2019ರ ತಿದ್ದುಪಡಿಯಂತೆ ಒಬ್ಬರ ಬಳಿ ಇರಬಹುದಾದ ಬಂದೂಕುಗಳ ಮಿತಿ ಮೂರರಿಂದ ಎರಡಕ್ಕೆ ಇಳಿದಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಈ ವಿನಾಯಿತಿ ಆಯುಧಕ್ಕೆ ಸಂಬಂಧಿಸಿದ್ದೇ ಹೊರತು ಬೇಟೆಗೆ ಅಲ್ಲ.

ಭಾರದ ನಳಿಗೆ ಏಕೆ?

ಅಮೆರಿಕದ ಬಯಲಿನಲ್ಲಿ ‘ವಾರ್ಮಿಂಟ್’ ಎಂದರೆ ಪ್ರೇರಿ ಡಾಗ್, ಗ್ರೌಂಡ್‌ಹಾಗ್‌ನಂತಹ ಸಣ್ಣ, ಬಿಲ ತೋಡುವ ಪ್ರಾಣಿಗಳು. ಗುರಿ ಅಂಗೈಯಗಲ, ದೂರ 200-300 ಗಜ ಅಥವಾ ಅದಕ್ಕೂ ಹೆಚ್ಚು, ಒಂದೇ ಸ್ಥಳದಲ್ಲಿ ಕುಳಿತು ಹತ್ತಾರು ಬಾರಿ ಗುಂಡು ಹಾರಿಸುವ ಕೆಲಸ. ಅಲ್ಲಿ ಕೋವಿಯನ್ನು ಹೊತ್ತು ನಡೆಯುವ ಪ್ರಮೇಯ ಕಡಿಮೆ. ಭಾರದ ನಳಿಗೆ ಹುಟ್ಟಿದ್ದು ಈ ಅಗತ್ಯದಿಂದ.

ಇದರ ಹಿಂದಿನ ಯಂತ್ರಶಾಸ್ತ್ರ ಸರಳ. ಉಕ್ಕಿನ ದಂಡವು ಬಾಗದೆ ನಿಲ್ಲುವ ಶಕ್ತಿ ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 0.6 ಅಂಗುಲ ವ್ಯಾಸದ ನಳಿಗೆಯನ್ನು 0.9 ಅಂಗುಲಕ್ಕೆ ಏರಿಸಿದರೆ ಬಿಗುವು ಸುಮಾರು ಐದು ಪಟ್ಟಾಗುತ್ತದೆ. ತೂಕ ಮಾತ್ರ ಎರಡೂವರೆ ಪಟ್ಟಿನ ಆಸುಪಾಸಿನಲ್ಲಿ ನಿಲ್ಲುತ್ತದೆ. 24 ಅಂಗುಲ ಉದ್ದದ, 0.22 ಅಂಗುಲ ರಂಧ್ರದ ನೇರ ಕೊಳವೆಯೆಂದು ಲೆಕ್ಕ ಹಾಕಿದರೆ ಮೊದಲನೆಯದು ಮುಕ್ಕಾಲು ಕಿಲೋ, ಎರಡನೆಯದು 1.85 ಕಿಲೋ ತೂಗುತ್ತದೆ. ಗುಂಡು ಹೊರಡುವಾಗ ನಳಿಗೆ ಕಡಿಮೆ ಅದುರುತ್ತದೆ, ಬೇಗ ಕಾಯುವುದಿಲ್ಲ, ಕಾದಾಗ ಗುರಿ ಸರಿಯುವುದು ಕಡಿಮೆ.

ಆದರೆ ತೂಕವೊಂದೇ ನಿಖರತೆಯಲ್ಲ. ರಂಧ್ರದ ಏಕರೂಪತೆ, ಬಾಯಂಚಿನ ಸಮತೆ, ಕಾಡತೂಸು ಕೂರುವ ಕೋಣೆಯ ಅಳತೆ, ಉಕ್ಕಿನ ಒಳಬಿಗಿತವನ್ನು ಶಾಖದಿಂದ ಸಡಿಲಿಸಿದ ಬಗೆ, ಇವು ಕೆಟ್ಟಿದ್ದರೆ ಎಷ್ಟು ದಪ್ಪ ಮಾಡಿದರೂ ಪ್ರಯೋಜನವಿಲ್ಲ. ತೋಟದಲ್ಲಿ ಹಾರಿಸುವುದು ಒಂದೋ ಎರಡೋ ಗುಂಡು. ನಳಿಗೆ ಕಾಯುವ ಪ್ರಶ್ನೆಯೇ ಏಳುವುದಿಲ್ಲ. ಮಳೆಗಾಲದ ಜಾರುವ ಏರಿನಲ್ಲಿ ಐದು ಕಿಲೋ ಕೋವಿ ಹೊತ್ತವನು ದಣಿದ ಕೈಯಿಂದ ಗುರಿ ಹಿಡಿಯುವುದರಿಂದ, ತೂಕದ ಲಾಭವೆಲ್ಲ ಅಲ್ಲೇ ಕರಗುತ್ತದೆ. ಸ್ಪರ್ಧೆಯ ಶೂಟಿಂಗಿನಲ್ಲಿ ಮಾತ್ರ ಭಾರಕ್ಕೆ ಬೆಲೆಯುಂಟು. 10 ಮೀಟರ್ ಏರ್‌ ರೈಫಲ್‌ಗೆ ಅಂತರರಾಷ್ಟ್ರೀಯ ನಿಯಮ 5.5 ಕಿಲೋವರೆಗೆ ಅವಕಾಶ ಕೊಡುತ್ತದೆ, ಸ್ಕೋಪಿಗೆ ಮಾತ್ರ ಅಲ್ಲಿ ಪ್ರವೇಶವಿಲ್ಲ.

ಸ್ಕೋಪಿನ ಲೆಕ್ಕ

ಸ್ಕೋಪಿನ ಮೇಲೆ ‘3-9×40’ ಎಂದು ಬರೆದಿದ್ದರೆ, ಅದು ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಗಾಜು 40 ಮಿಲಿಮೀಟರ್ ಅಗಲ ಎಂದರ್ಥ. ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬಂದು ಮುಟ್ಟುವ ಬೆಳಕಿನ ವೃತ್ತದ ಅಳತೆ ದೊರೆಯುತ್ತದೆ. 4 ಪಟ್ಟಿನಲ್ಲಿ ಅದು 10 ಮಿ.ಮೀ., 9 ಪಟ್ಟಿನಲ್ಲಿ 4.4 ಮಿ.ಮೀ. ಅದೇ 24 ಪಟ್ಟು, 50 ಮಿ.ಮೀ. ಗಾಜಿನ ಸ್ಕೋಪಿನಲ್ಲಿ ಕೇವಲ 2 ಮಿ.ಮೀ. ಕತ್ತಲಾಗುವಾಗ ಮನುಷ್ಯನ ಕಣ್ಣಿನ ಪಾಪೆ 5ರಿಂದ 7 ಮಿ.ಮೀ. ಅರಳುತ್ತದೆ. ಹಂದಿ ಹೊರಡುವುದೇ ಮುಸ್ಸಂಜೆಯಲ್ಲಿ. ಆ ಹೊತ್ತಿಗೆ ಹೆಚ್ಚು ಪಟ್ಟಿನ ದುಬಾರಿ ಸ್ಕೋಪು ಕಪ್ಪು ಕೊಳವೆಯಾಗಿ ಕಾಣುತ್ತದೆ. ಕಡಿಮೆ ಪಟ್ಟಿನದು ಕೆಲಸಕ್ಕೆ ಬರುತ್ತದೆ.

ಪಟ್ಟು ಹೆಚ್ಚಿದಷ್ಟೂ ಕಾಣುವ ಅಗಲ ಕುಗ್ಗುತ್ತದೆ. 9 ಪಟ್ಟಿನಲ್ಲಿ 100 ಮೀಟರ್ ದೂರದಲ್ಲಿ ಕಾಣುವುದು ಸುಮಾರು 4 ಮೀಟರ್ ಅಗಲ ಮಾತ್ರ. ಹಂದಿಯ ಹಿಂದೆ ಕೂಲಿಯಾಳು ನಿಂತಿದ್ದರೂ ಕಾಣದೆ ಹೋಗಬಹುದು. ಬಯಲುಸೀಮೆಯ ಮಧ್ಯಾಹ್ನದಲ್ಲಂತೂ ನೆಲದ ಝಳದಿಂದ ಹೆಚ್ಚು ಪಟ್ಟಿನ ಚಿತ್ರ ನೀರಿನಂತೆ ಅಲುಗುತ್ತದೆ.

ಇನ್ನು ಮಲೆನಾಡಿನ ಮಳೆ. ಒಳಗೆ ಸಾರಜನಕ ತುಂಬಿ ಮುಚ್ಚದ ಅಗ್ಗದ ಸ್ಕೋಪು ಒಂದೇ ಆಷಾಢದಲ್ಲಿ ಒಳಗಿನಿಂದ ಮಂಜುಗಟ್ಟುತ್ತದೆ. ಸ್ಪ್ರಿಂಗ್‌ ಏರ್‌ ರೈಫಲ್‌ನ ಹೊಡೆತ ಹಿಂದಕ್ಕೂ ಮುಂದಕ್ಕೂ ಇರುವುದರಿಂದ, ದೊಡ್ಡ ಬಂದೂಕಿಗೆ ಒಗ್ಗಿದ ಸ್ಕೋಪು ಕೂಡ ಅದರ ಮೇಲೆ ಕೆಡಬಹುದು. ಏರ್‌ ರೈಫಲ್‌ಗೆಂದೇ ತಯಾರಾದದ್ದನ್ನು ಕೇಳಿ ಕೊಳ್ಳಬೇಕು. ತಿರುಪಿನ ಒಂದು ‘ಕ್ಲಿಕ್’ ಸಾಮಾನ್ಯವಾಗಿ 100 ಮೀಟರಿಗೆ 7 ಮಿಲಿಮೀಟರಿನಷ್ಟು ಗುರಿಯನ್ನು ಸರಿಸುತ್ತದೆ. ಸ್ಕೋಪು ಕೂರಿಸುವ ಉಂಗುರ ಸಡಿಲವಾಗಿದ್ದರೆ ಈ ಸೂಕ್ಷ್ಮತೆಗೆ ಅರ್ಥವೇ ಇಲ್ಲ.

ತೋಟಕ್ಕೆ ಒಗ್ಗುವುದು ಯಾವುದು?

ಕಾಫಿ ತೋಟದಲ್ಲಿ ಕಣ್ಣು ಹಾಯುವುದು 30-40 ಮೀಟರ್. ಹಂದಿ ದೊಡ್ಡ ಗುರಿ. ಅಧಿಕಾರಿಯ ಆದೇಶವಿರುವ ಕಡೆಯೂ ಜೋಡಿ ನಳಿಗೆಯ ಸಾಮಾನ್ಯ ಕೋವಿ ಹೆಚ್ಚು ಯೋಗ್ಯವೆಂಬುದಕ್ಕೆ ಕಾರಣ ಸುರಕ್ಷತೆ. ಸಣ್ಣ 0.22 ರೈಫಲಿನ ಗುಂಡು ಕೂಡ ಒಂದೂವರೆ ಕಿಲೋಮೀಟರಿಗೂ ಆಚೆ ಅಪಾಯಕಾರಿ. ಕೂಲಿ ಲೈನುಗಳು, ದಾರಿಹೋಕರು, ಪಕ್ಕದ ತೋಟದವರು ಇರುವ ಕಡೆ ರೈಫಲಿನ ತಪ್ಪಿದ ಗುಂಡು ಹೋಗಿ ನಿಲ್ಲುವ ಸ್ಥಳ ಯಾರಿಗೂ ತಿಳಿಯದು. ಹೊಂಚಿನಲ್ಲಿ ಕುಳಿತವರು ಪೊದೆಯ ಸದ್ದಿಗೆ ಗುಂಡು ಹಾರಿಸಿ ಸಂಗಡಿಗನನ್ನೇ ಕಳೆದುಕೊಂಡ ಸುದ್ದಿಗಳು ಮಲೆನಾಡಿಗೆ ಹೊಸತಲ್ಲ. ಗುರಿ ಏನೆಂದು ಖಚಿತವಾಗದೆ ಕುದುರೆಗೆ ಬೆರಳು ಹೋಗಬಾರದು. ಬೆಳೆ ಮಾಗುವ ಕಾಲಕ್ಕೆ ಚುನಾವಣೆ ಬಂದರೆ ಕೋವಿ ಠಾಣೆಯಲ್ಲಿ ಠೇವಣಿಯಾಗಬಹುದು. ಆದ್ದರಿಂದ ಕೋವಿಯೊಂದನ್ನೇ ನೆಚ್ಚದೆ ಸೌರಬೇಲಿ, ಕಂದಕ, ಕಾವಲಿಗೆ ಮೊದಲು ಹಣ ಹಾಕುವುದು ಲಾಭದ ದೃಷ್ಟಿಯಿಂದಲೂ ಮೇಲು. ಬೇಲಿಗೆ ನೇರವಾಗಿ ಮನೆಯ ವಿದ್ಯುತ್ ಹಾಯಿಸುವುದು ಮಾತ್ರ ಅಪರಾಧವೂ ಹೌದು, ಮನುಷ್ಯರನ್ನೂ ಆನೆಗಳನ್ನೂ ಬಲಿ ತೆಗೆದುಕೊಂಡ ಅವಿವೇಕವೂ ಹೌದು.

ಕಿರು ಉದ್ಯಮಿಗಳ ಗಮನಕ್ಕೆ

ನಿಖರ ಯಂತ್ರಗೆಲಸದಲ್ಲಿ ಬೆಂಗಳೂರಿನ ಕೈ ಪಳಗಿದೆ. ಸ್ಪ್ರಿಂಗ್‌ ತಯಾರಿಕೆಗೆ ಹೆಸರಾದ ಸ್ಟಂಪ್, ಶೂಲೆ ಅಂಡ್ ಸೋಮಪ್ಪ ಬಳಗದ ಎಸ್‌ಎಸ್‌ಎಸ್ ಡಿಫೆನ್ಸ್ ಇಲ್ಲೇ ಸ್ನೈಪರ್ ರೈಫಲ್‌ಗಳನ್ನು ತಯಾರಿಸುತ್ತಿದೆ. ಆದರೆ 1959ರ ಆಯುಧ ಕಾಯಿದೆಯ ದೃಷ್ಟಿಯಲ್ಲಿ ಬಿಡಿಭಾಗವೂ ಆಯುಧವೇ. ಪರವಾನಗಿಯಿಲ್ಲದೆ ಲೇತಿನ ಮೇಲೆ ಒಂದು ನಳಿಗೆ ಕೊರೆದರೂ ಜೈಲು ತಪ್ಪದು; ‘ಮಾದರಿಗಾಗಿ ಒಂದೇ ಒಂದು’ ಎಂದು ಬರುವ ಗಿರಾಕಿಯನ್ನು ಬಾಗಿಲಿನಲ್ಲೇ ಹಿಂದಕ್ಕೆ ಕಳುಹಿಸುವುದು ಕ್ಷೇಮ. 2016ರ ಆಯುಧ ನಿಯಮಗಳಂತೆ 0.177 ಅಂಗುಲ ರಂಧ್ರ ಹಾಗೂ 20 ಜೌಲ್ ಶಕ್ತಿಯನ್ನು ಮೀರದ ಏರ್‌ ರೈಫಲ್‌ ಇಟ್ಟುಕೊಳ್ಳಲು ಪರವಾನಗಿ ಬೇಡ. ಶೂಟಿಂಗ್ ಕ್ರೀಡೆ ಬೆಳೆದಂತೆ ಈ ಮಾರುಕಟ್ಟೆಯೂ ಬೆಳೆಯುತ್ತಿದೆ. ಸ್ಕೋಪಿನ ಉಂಗುರ, ಊರುಗಾಲು, ಪೆಟ್ಟಿಗೆ, ಗುರಿಹಲಗೆ ಮೊದಲಾದವು ಸಣ್ಣ ಕಾರ್ಖಾನೆಗಳ ಅಳವಿಗೆ ಸಿಗುವ ಸರಕುಗಳು. ತಯಾರಿಕೆಗೆ ತೊಡಗುವ ಮುನ್ನ ತಮ್ಮ ವಸ್ತು ಕಾಯಿದೆಯ ವ್ಯಾಪ್ತಿಗೆ ಬರುವುದೇ ಎಂಬುದನ್ನು ಪರವಾನಗಿ ಅಧಿಕಾರಿಗಳಿಂದ ಲಿಖಿತವಾಗಿ ಪಡೆದುಕೊಳ್ಳುವುದು ಜಾಣತನ.

ಮಾರಾಟಗಾರರಿಗೆ ಹೇಳಬೇಕಾದದ್ದು ಇಷ್ಟೇ. ಗಿರಾಕಿಯ ತೋಟ ಎಲ್ಲಿದೆ, ಎಷ್ಟು ದೂರ ಕಾಣುತ್ತದೆ, ಯಾವ ಹೊತ್ತಿನಲ್ಲಿ ಬಳಕೆ, ಆದೇಶಪತ್ರ ಇದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿದ ಮೇಲೆಯೇ ಬೆಲೆಪಟ್ಟಿ ತೆರೆಯಬೇಕು. ಒಂದು ಭಾರದ ಕೋವಿಯ ಮಾರಾಟ ತಪ್ಪಬಹುದು. ಆದರೆ ಸರಿಯಾದ ಸಲಹೆ ಪಡೆದವನು ಮರುವರ್ಷವೂ ಅದೇ ಅಂಗಡಿಯ ಮೆಟ್ಟಿಲು ಹತ್ತುತ್ತಾನೆ.