ಮನಶ್ಶಾಸ್ತ್ರದ ಬೋಧನೆ

ಮನಶ್ಶಾಸ್ತ್ರವನ್ನು ಉಪನ್ಯಾಸಮಾತ್ರದಿಂದ ಬೋಧಿಸಲಾಗದು; ಪರೀಕ್ಷಿಸತಕ್ಕ ಮನಸ್ಸು ವಿದ್ಯಾರ್ಥಿಯಲ್ಲಿಯೇ ಇರುವುದಷ್ಟೆ. ೧೯೨೪ರಲ್ಲಿ ಮೈಸೂರಿನಲ್ಲಿ ಈ ಶಾಸ್ತ್ರದ ವಿಭಾಗವನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಪ್ರಯೋಗಶಾಲೆಯನ್ನೂ ಏರ್ಪಡಿಸಿದರು.

ಉಪಕರಣಗಳಿಲ್ಲದ ಕಾಲೇಜಿಗೆ ನಾವು ಒಂದು ಪ್ರಯೋಗವನ್ನು ಸೂಚಿಸುತ್ತೇವೆ. ತರಗತಿಯವರೆಲ್ಲರೂ ಒಂದೇ ಗದ್ಯಭಾಗವನ್ನು ಓದಲಿ. ಬಳಿಕ ಅರ್ಧ ಮಂದಿ ಅದನ್ನೇ ಪುನಃ ಓದಲಿ. ಉಳಿದವರು ಪುಸ್ತಕವನ್ನು ಮುಚ್ಚಿ, ನೆನಪಿದ್ದುದನ್ನು ಬರೆಯಲಿ. ಪ್ರತಿ ಗುಂಪಿನಲ್ಲಿ ಕೆಲವರನ್ನು ಐದು ನಿಮಿಷಗಳ ಮೇಲೆಯೂ ಮಿಕ್ಕವರನ್ನು ವಾರದ ಮೇಲೆಯೂ ಪರೀಕ್ಷಿಸಬೇಕು. ಐದು ನಿಮಿಷಕ್ಕೆ ಪುನಃ ಓದಿದವರು ಮುಂದು. ವಾರಕ್ಕೆ ಬರೆದವರೇ ಮುಂದು. ೨೦೦೬ರಲ್ಲಿ ಅಮೆರಿಕದ ರೋಡಿಗರ್, ಕಾರ್ಪಿಕಿ ಎಂಬ ವಿದ್ವಾಂಸರು ಕಂಡ ಫಲವಿದು.

ಪಾಠ ಒಪ್ಪಿಸುವ ನಮ್ಮ ಹಳೆಯ ಪದ್ಧತಿಯ ಬಲವೂ ಇದೇ. ಪರೀಕ್ಷೆಯ ಹಿಂದಿನ ರಾತ್ರಿ ಬಂದಂತೆ ತೋರಿದುದು ವಾರದಲ್ಲಿ ಮಾಯವಾಗುವುದೇಕೆಂಬುದನ್ನು ವಿದ್ಯಾರ್ಥಿಯು ತನ್ನಲ್ಲಿಯೇ ಕಾಣುವನು. ಗೃಹಸ್ಥರೂ ಮಕ್ಕಳಿಗೆ “ಓದು” ಎಂದು ನಿಲ್ಲಿಸದೆ, “ಪುಸ್ತಕ ಮುಚ್ಚಿ ಹೇಳು” ಎನ್ನುವುದು ಲೇಸು.