ಗೋಬರ್ ಗ್ಯಾಸ್ ತೊಟ್ಟಿಯ ವಿಷವಾಯುವೂ ಸ್ವರ್ಣಮಿಶ್ರಿತ ಸಂವೇದಕವೂ

ಗೋಬರ್ ಗ್ಯಾಸ್ ತೊಟ್ಟಿಗೆ ಇಳಿದ ಆಳು ಮೇಲಕ್ಕೆ ಬಾರದೆ, ಅವನನ್ನು ಎತ್ತಲು ಹೋದವರೂ ಅಲ್ಲಿಯೇ ಮಡಿಯುವ ದುರಂತಗಳು ನಡೆಯುವುದುಂಟು. ಇದಕ್ಕೆ ಗ್ರಹಚಾರವು ಕಾರಣವಲ್ಲ; ಅಲ್ಲಿ ನಿಂತಿರುವ ಕೆಟ್ಟ ಗಾಳಿಯೇ ಕಾರಣವು.

ವಾಯುವಿನ ಸ್ವಭಾವ.— ಸಗಣಿಯು ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಯುವಾಗ, ಉರಿಯತಕ್ಕ ಮೀಥೇನಿನೊಡನೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷವಾಯುವೂ ಅಲ್ಪ ಪ್ರಮಾಣದಲ್ಲಿ ಹುಟ್ಟುವುದು. ಇದು ಗಾಳಿಗಿಂತ ಸುಮಾರು 1.2 ಪಟ್ಟು ಭಾರವಾದುದರಿಂದ ತಗ್ಗಿನಲ್ಲಿ ತಂಗುವುದು. ಕೊಳೆತ ಮೊಟ್ಟೆಯ ನಾತದಿಂದ ಇದನ್ನು ಗುರುತಿಸಬಹುದಾದರೂ, 10 ಲಕ್ಷ ಭಾಗ ಗಾಳಿಯಲ್ಲಿ ಸುಮಾರು 100 ಭಾಗಕ್ಕೆ ಏರಿದರೆ ಕೆಲವು ನಿಮಿಷಗಳಲ್ಲಿಯೇ ಮೂಗು ಮಂದವಾಗಿ ವಾಸನೆಯು ತಿಳಿಯದಾಗುವುದು. ಆದುದರಿಂದ ನಾತವು ನಿಂತೊಡನೆ ವಿಷವೂ ಹೋಯಿತೆಂದು ನಂಬುವುದು ಪ್ರಾಣಕ್ಕೆ ಅಪಾಯಕರವು.

ಹಾಳುಬಾವಿಗೆ ದೀಪವನ್ನು ಇಳಿಬಿಟ್ಟು ನೋಡುವ ಪದ್ಧತಿಯು ಹಳೆಯದು. ಆದರೆ ಮೀಥೇನು ಗಾಳಿಯಲ್ಲಿ ಶೇಕಡ 5 ರಿಂದ 15 ರವರೆಗೆ ಬೆರೆತಿರುವಾಗ ಕಿಡಿ ತಾಗಿದರೆ ಸಿಡಿಯುವುದರಿಂದ, ಗೋಬರ್ ಗ್ಯಾಸ್ ತೊಟ್ಟಿಯ ಬಳಿ ದೀಪವನ್ನು ಒಯ್ಯಲೇ ಕೂಡದು.

ಸಂವೇದಕದ ರಚನೆ.— ತಾಮ್ರದಂತೆ ವಿದ್ಯುತ್ತನ್ನು ಸರಾಗವಾಗಿ ಹರಿಯಗೊಡದೆ, ಗಾಜಿನಂತೆ ಪೂರ್ಣವಾಗಿ ತಡೆಯದೆ ಇರುವ ವಸ್ತುಗಳಿಗೆ ಅರೆವಾಹಕಗಳೆಂದು ಹೆಸರು. ಇವುಗಳಲ್ಲಿ ಕೆಲವು ಲೋಹದ ಆಕ್ಸೈಡುಗಳ ವಿದ್ಯುತ್ ತಡೆಯು ಸುತ್ತಲಿನ ವಾಯುವಿಗೆ ತಕ್ಕಂತೆ ಬದಲಾಗುವುದೆಂದು ಜಪಾನಿನ ಸೆಯಾಮಾ ಮತ್ತು ಅವರ ಸಂಗಡಿಗರು 1962 ರಲ್ಲಿ ತೋರಿಸಿದರು. ಹೈಡ್ರೋಜನ್ ಸಲ್ಫೈಡಿಗಾಗಿ ಪರೀಕ್ಷಿಸಲ್ಪಟ್ಟಿರುವ ಇಂತಹ ವಸ್ತುಗಳಲ್ಲಿ ಚಿನ್ನ ಬೆರೆಸಿದ ಟಂಗ್‌ಸ್ಟನ್ ಆಕ್ಸೈಡು ಒಂದು. ಅದರ ತೆಳುವಾದ ಪೊರೆಯನ್ನು ಚಿಕ್ಕ ಬಿಲ್ಲೆಯ ಮೇಲೆ ಹಚ್ಚಿ, ಅಡಿಯಲ್ಲಿ ಸೂಕ್ಷ್ಮವಾದ ತಂತಿಯಿಂದ ಕಾಯಿಸುವರು.

ಕಾದ ಪೊರೆಯ ಮೇಲೆ ಗಾಳಿಯ ಆಮ್ಲಜನಕವು ಅಂಟಿಕೊಂಡು, ಪೊರೆಯಲ್ಲಿ ವಿದ್ಯುತ್ತನ್ನು ಒಯ್ಯುವ ಎಲೆಕ್ಟ್ರಾನುಗಳನ್ನು ಹಿಡಿದಿಡುವುದು. ಆಗ ತಡೆಯು ಹೆಚ್ಚುವುದು. ವಿಷವಾಯುವು ತಗುಲಿದೊಡನೆ ಆ ಆಮ್ಲಜನಕದೊಡನೆ ಕೂಡಿ ಉರಿದುಹೋಗಿ, ಎಲೆಕ್ಟ್ರಾನುಗಳು ಬಿಡುಗಡೆ ಹೊಂದುವುವು. ಆಗ ತಡೆಯು ಇಳಿಯುವುದು. ಈ ಇಳಿತವನ್ನು ಅಳೆದು ವಾಯುವಿನ ಪ್ರಮಾಣವನ್ನು ತಿಳಿಯುವರು.

ಚಿನ್ನದ ಕಾರ್ಯ.— ಗಟ್ಟಿ ಚಿನ್ನವು ಇತರ ವಸ್ತುಗಳೊಡನೆ ಸುಲಭವಾಗಿ ಕೂಡದು. ಆದರೆ ಒಂದು ಮಿಲಿಮೀಟರಿನ 10 ಲಕ್ಷದಲ್ಲಿ ಐದಾರು ಭಾಗದಷ್ಟು ಸಣ್ಣ ಕಣಗಳಾದಾಗ ಅದು ಇತರ ವಾಯುಗಳ ಸಂಯೋಗವನ್ನು ಚುರುಕುಗೊಳಿಸುವುದೆಂಬುದು ಜಪಾನಿನ ಹರೂತಾ ಅವರು 1987 ರಲ್ಲಿ ಪ್ರಕಟಿಸಿದ ಶೋಧನೆಯಿಂದ ಪ್ರಸಿದ್ಧವಾಯಿತು. ಹೆಪ್ಪು ಹಾಕಿದ ಹಾಲಿನಂತೆ, ಅಲ್ಪವೇ ಬೆರೆತರೂ ಇಡೀ ಪೊರೆಯ ಗುಣವು ಮಾರ್ಪಡುವುದು: ಸಂವೇದಕವು ಅಲ್ಪ ಪ್ರಮಾಣದ ವಿಷವನ್ನೂ ಬೇಗನೆ ಗ್ರಹಿಸುವುದು.

ಗಮನಿಸತಕ್ಕ ಅಂಶಗಳು.—

(1) ತೇವವೂ ಇತರ ಆವಿಗಳೂ ಇಂತಹ ಸಂವೇದಕದ ಎಣಿಕೆಯನ್ನು ಕೆಡಿಸಬಹುದು. ಪ್ರಮಾಣ ತಿಳಿದ ವಾಯುವಿನಿಂದ ಆಗಾಗ್ಗೆ ಪರೀಕ್ಷಿಸತಕ್ಕದ್ದು.

(2) ಮಾರಾಟಕ್ಕಿರುವ ಕೈಮಾಪಕಗಳಲ್ಲಿ ಅನೇಕವು ಬೇರೆ ಬಗೆಯವು. ಯಾವುದಾದರೂ ಸರಿ, ಸಿಡಿಯುವ ವಾಯುವಿರುವ ಸ್ಥಳಕ್ಕೆ ಯೋಗ್ಯವೆಂದು ಪ್ರಮಾಣಿತವಾಗಿರತಕ್ಕದ್ದು.

(3) ಈ ಸಂವೇದಕವು ಆಮ್ಲಜನಕದ ಕೊರತೆಯನ್ನು ತಿಳಿಸದು. ಅದನ್ನು ಬೇರೆ ಮಾಪಕದಿಂದ ನೋಡತಕ್ಕದ್ದು.

(4) ಮಾಪಕವನ್ನು ಹಗ್ಗದಿಂದ ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ನೋಡತಕ್ಕದ್ದು. ಕೆಸರನ್ನು ಕಲಕಿದರೆ ಹುದುಗಿರುವ ವಾಯುವು ಒಮ್ಮೆಲೇ ಮೇಲೇಳುವುದು.

(5) ಒಬ್ಬನು ಕುಸಿದು ಬಿದ್ದರೆ ಉಸಿರಾಟದ ಸಾಧನವಿಲ್ಲದೆ ಮತ್ತೊಬ್ಬನು ಇಳಿಯಕೂಡದು.

ತೊಟ್ಟಿಗೆ ಜನರನ್ನು ಇಳಿಸದೆ ಹೊರಗಿನಿಂದಲೇ ಶುದ್ಧಿಮಾಡಿಸುವುದು ಎಲ್ಲಕ್ಕಿಂತಲೂ ಉತ್ತಮವು. ಕೂಲಿಯ ಆಳು ಯಜಮಾನನ ಮಾತನ್ನು ನಂಬಿ ಇಳಿಯುವನಾದುದರಿಂದ, ಗ್ರಾಮದ ಮುಖಂಡರೂ ಜಮೀನುದಾರರೂ ಈ ಹೊಣೆಯನ್ನು ಅರಿತು ನಡೆಯತಕ್ಕದ್ದು.