ಚಕ್ಕೆ ಎದ್ದ ಗ್ರಿಲ್‌ಗೆ ನಾಲ್ಕು ಹನಿ ಬಣ್ಣ

ಅಮೆರಿಕದ ಹಿತ್ತಿಲುಗಳಲ್ಲಿ ಕಾಣುವ ದುಂಡನೆಯ ಇದ್ದಿಲು ಗ್ರಿಲ್ ಹುಟ್ಟಿದ್ದು 1952ರಲ್ಲಿ. ಶಿಕಾಗೋ ಪ್ರದೇಶದ ವೆಬರ್ ಲೋಹದ ಕಾರ್ಖಾನೆಯಲ್ಲಿದ್ದ ಜಾರ್ಜ್ ಸ್ಟೀಫನ್, ನೀರಿನ ಮೇಲೆ ತೇಲಿಬಿಡುವ ಉಕ್ಕಿನ ಬುರುಡೆಯನ್ನು ಎರಡು ಹೋಳು ಮಾಡಿ ಒಂದನ್ನು ಒಲೆಯಾಗಿಸಿದ, ಇನ್ನೊಂದನ್ನು ಮುಚ್ಚಳವಾಗಿಸಿದ. ಇಂದು 22 ಇಂಚಿನದೆಂದು ಮಾರುವ ಗ್ರಿಲ್‌ನ ಅಡ್ಡಳತೆ 57 ಸೆಂ.ಮೀ., ಬೆಲೆ 200 ಡಾಲರ್ ಆಸುಪಾಸು.

ಅದರ ಮುಚ್ಚಳ ಕೈಜಾರಿ ಕಲ್ಲುಹಾಸಿನ ಮೇಲೆ ಬಿದ್ದು ಅಂಚಿನಲ್ಲಿ ಎನಾಮಲ್ ಹೊದಿಕೆಯ 2 ಸೆಂ.ಮೀ. ಅಗಲದ ಚಕ್ಕೆ ಎದ್ದಿತು ಎನ್ನೋಣ. ಅಂದರೆ 3.14 ಚದರ ಸೆಂ.ಮೀ. ಜಾಗ. ಮುಚ್ಚಳದ ಎತ್ತರ 22 ಸೆಂ.ಮೀ. ಎಂದು ಹಿಡಿದರೆ ಹೊರಮೈ ಸುಮಾರು 4,000 ಚದರ ಸೆಂ.ಮೀ. ಆಗುತ್ತದೆ. ಕೆಟ್ಟಿರುವುದು ಶೇ. 0.08ರಷ್ಟು. ಇಷ್ಟಕ್ಕೆ ಇಡೀ ಗ್ರಿಲ್ಲನ್ನು ಬಿಸಾಡುವವರಿದ್ದಾರೆ ಎಂಬುದು ನನಗೆ ನಿಜಕ್ಕೂ ಸಂಕಟದ ಸಂಗತಿ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಹೋದ ಎನಾಮಲ್ ಮನೆಯಲ್ಲಿ ಮರಳಿ ಬರುವುದಿಲ್ಲ. ಅದು ಬಣ್ಣವಲ್ಲ, ಗಾಜು. ಗಾಜಿನ ಪುಡಿಯನ್ನು ಉಕ್ಕಿಗೆ ಹಚ್ಚಿ 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕುಲುಮೆಯಲ್ಲಿ ಕರಗಿಸಿ ಹಿಡಿಸಿರುತ್ತಾರೆ. ನಾವು ಮಾಡಬಹುದಾದದ್ದು ಬರಿದಾದ ಉಕ್ಕಿಗೆ ತುಕ್ಕು ಹತ್ತದಂತೆ ತಡೆಯುವುದು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಅಂಚಿನಡಿ ನುಗ್ಗಿ ಉಬ್ಬಿತೆಂದರೆ ಪಕ್ಕದ ಗಾಜೂ ಸಡಿಲವಾಗುತ್ತದೆ.

ಫ್ರಿಜ್, ವಾಷಿಂಗ್ ಮಷಿನ್‌ಗೆಂದು ಮಾರುವ ಎಪಾಕ್ಸಿ ಟಚಪ್ ಇಲ್ಲಿ ಬೇಡ. ಅದು 100 ಡಿಗ್ರಿಯ ಆಸುಪಾಸಿನಲ್ಲೇ ಸೋಲುತ್ತದೆ, ಮುಚ್ಚಳವೋ ಅಡುಗೆಯ ಹೊತ್ತಿಗೆ 200 ದಾಟುತ್ತದೆ. ಗುಂಡಿ ತುಂಬಲು ಗಟ್ಟಿ ಫಿಲ್ಲರ್ ಮೆತ್ತುವುದೂ ಬೇಡ. ಉಕ್ಕು ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 12 ಪಾಲು ಹಿಗ್ಗುತ್ತದೆ. 250 ಡಿಗ್ರಿ ಏರಿದರೆ 57 ಸೆಂ.ಮೀ. ಅಡ್ಡಳತೆ 1.7 ಮಿ.ಮೀ. ಬೆಳೆಯುತ್ತದೆ, ಆರಿದಾಗ ಅಷ್ಟೇ ಕುಗ್ಗುತ್ತದೆ. ಪ್ರತಿ ಅಡುಗೆಗೂ ನಡೆಯುವ ಈ ಎಳೆದಾಟಕ್ಕೆ ದಪ್ಪ ಮೆತ್ತಿಗೆ ಬಿರುಕು ಬಿಟ್ಟು ಉದುರುತ್ತದೆ. ತೆಳುವಾದ ಬಣ್ಣ ಜೊತೆಗೆ ಹಿಗ್ಗಿ ಕುಗ್ಗುತ್ತದೆ.

ಬೇಕಾದದ್ದು 650 ಡಿಗ್ರಿ ತಾಳುವ ಒಲೆ ಬಣ್ಣ, ಸ್ಪ್ರೇ ಡಬ್ಬಿಯಲ್ಲಿ ಸಿಗುತ್ತದೆ. ಎಷ್ಟು ಬೇಕು? ಚಕ್ಕೆಯ ಸುತ್ತ ಅರ್ಧ ಸೆಂ.ಮೀ. ಅಂಚು ಸೇರಿಸಿದರೆ ಜಾಗ 7 ಚದರ ಸೆಂ.ಮೀ. ಎರಡು ಕೋಟ್ ಸೇರಿ ಒಣಗಿದ ಪದರ 0.06 ಮಿ.ಮೀ. ಇದ್ದರೆ 0.04 ಮಿ.ಲೀ. ಆಯಿತು. ಹಸಿ ಬಣ್ಣದಲ್ಲಿ ಐದರಲ್ಲೊಂದು ಪಾಲು ಮಾತ್ರ ಉಳಿಯುತ್ತದೆಂದರೂ 0.2 ಮಿ.ಲೀ., ಅಂದರೆ ನಾಲ್ಕೇ ಹನಿ. 400 ಮಿ.ಲೀ. ಡಬ್ಬಿಗೆ 8 ಡಾಲರ್ ಎಂದು ಹಿಡಿದರೆ ಅದರ ಬೆಲೆ ಅರ್ಧ ಸೆಂಟ್‌ಗೂ ಕಡಿಮೆ! ಹಾಗಾಗಿ ಗ್ರಿಲ್‌ನತ್ತ ಸ್ಪ್ರೇ ಮಾಡುವ ಅಗತ್ಯವೇ ಇಲ್ಲ. ಡಬ್ಬಿಯ ಮುಚ್ಚಳಕ್ಕೆ ಒಂದು ಚಿಮ್ಮು ಹೊಡೆದು ಸಣ್ಣ ಕುಂಚದಲ್ಲಿ ಹಚ್ಚಿದರೆ ಸಾಕು. ಉಪ್ಪುಕಾಗದ, ಒರೆಸಲು ಆಲ್ಕೊಹಾಲ್, ಕುಂಚ ಎಲ್ಲ ಸೇರಿ ಖರ್ಚು 20 ಡಾಲರ್ ಒಳಗೆ, ಹೊಸ ಗ್ರಿಲ್‌ನ ಹತ್ತರಲ್ಲೊಂದು ಪಾಲು.

ಕೆಲಸ ಕೆಡುವುದು ಬಣ್ಣದಲ್ಲಲ್ಲ, ಉಜ್ಜುವುದರಲ್ಲಿ. 120ನೇ ನಂಬರಿನ ಉಪ್ಪುಕಾಗದದಿಂದ ಉಕ್ಕು ಬೆಳ್ಳಗೆ ಕಾಣುವವರೆಗೆ ಉಜ್ಜಬೇಕು. ಬೆರಳಿಗೆ ತಾಗುವ ಗಾಜಿನ ಮೊನೆಯನ್ನು 220ರಿಂದ ಮಟ್ಟ ಮಾಡಬೇಕು, ಕಣ್ಣಿಗೆ ಕನ್ನಡಕ ಇರಲಿ. ಆಮೇಲೆ ಆಲ್ಕೊಹಾಲ್‌ನಿಂದ ಒರೆಸಬೇಕು, ಜಿಡ್ಡು ಉಳಿದ ಕಡೆ ಬಣ್ಣ ಸಿಪ್ಪೆಯಂತೆ ಏಳುತ್ತದೆ. ಹಚ್ಚಿದ ಬಣ್ಣ ಒಣಗಿದ ಮೇಲೆ ಒಮ್ಮೆಲೇ ಬೆಂಕಿಗೆ ಒಡ್ಡದೆ, ಡಬ್ಬಿಯ ಮೇಲೆ ಬರೆದಂತೆ ಹಂತಹಂತವಾಗಿ ಕಾಯಿಸಬೇಕು. ಸುಮಾರು 120, 200, 315 ಡಿಗ್ರಿಗಳಲ್ಲಿ ಅರ್ಧರ್ಧ ಗಂಟೆ, ನಡುನಡುವೆ ಆರಲು ಬಿಡುವುದು ಇಂಥ ಬಣ್ಣಗಳ ಒಂದು ರೂಢಿ.

ಇದೆಲ್ಲ ಹೊರಮೈಗೆ ಮಾತ್ರ. ಒಳಗೆ, ಆಹಾರದ ಬಳಿ ಬಣ್ಣ ಬೇಡವೇ ಬೇಡ. ತುಕ್ಕು ಉಜ್ಜಿ, ಅಡುಗೆ ಎಣ್ಣೆ ತೆಳ್ಳಗೆ ಸವರಿ ಕಾಯಿಸಿದರೆ ಪದರ ಕಟ್ಟುತ್ತದೆ, ಆಗಾಗ ಮತ್ತೆ ಸವರಬೇಕು. ತಳದಲ್ಲಿ ಬೂದಿಯನ್ನೂ ಬಿಡಬಾರದು. ಮಳೆನೀರು ಸೇರಿದ ಬೂದಿ ಕ್ಷಾರವಾಗಿ ಗಾಜನ್ನೇ ಕೊರೆಯುತ್ತದೆ. ಇನ್ನು ಬದನೆಕಾಯಿ, ಮೆಕ್ಕೆಜೋಳ ಸುಡುವ ಜಾಲರಿಯ ಎನಾಮಲ್ಲೇ ಎದ್ದಿದ್ದರೆ ರಿಪೇರಿಯ ಲೆಕ್ಕ ಹಾಕದೆ ಜಾಲರಿ ಬದಲಿಸಿ. ಉದುರುವ ಚೂರು ನೇರ ತಟ್ಟೆಗೆ ಬೀಳುತ್ತದೆ.